ಅದು ಡಿಎನ್‌ಎನೇ ಅಂತ ಹೆಂಗೆ ಗೊತ್ತು, ಟೀಚರ್?

ಅಂಕೋಲಾ ಮತ್ತು ಕಾರವಾರದ ನಡುವೆ ಹೆದ್ದಾರಿ ಬಿಟ್ಟು ಸಮುದ್ರದ ಕಡೆ ಇಳಿದರೆ ಸಿಗುವ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ನಮ್ಮ ಲ್ಯಾಬ್ ಅಂದರೆ ಸ್ಟಾಫ್ ರೂಮಿನ ಪಕ್ಕದ ಉದ್ದನೆಯ ಕೋಣೆ. ಎರಡು ಕಪಾಟು, ಒಂದು ಮೈಕ್ರೋಸ್ಕೋಪು, ಒಂದು ಸಿಂಕು. ಆ ಸಿಂಕಿಗೆ ನೀರು ಬರುವುದು ಮಳೆಗಾಲದಲ್ಲಿ ಮಾತ್ರ, ಅದೂ ನಲ್ಲಿಯಿಂದಲ್ಲ, ಹಂಚಿನ ಸಂದಿಯಿಂದ.

ಹತ್ತನೇ ತರಗತಿಯ ಅನುವಂಶೀಯತೆ ಪಾಠವನ್ನು ಎಷ್ಟೋ ವರ್ಷ ಬೋರ್ಡಿನ ಮೇಲೆಯೇ ಮುಗಿಸಿದ್ದೆ. ತಂದೆತಾಯಿಯ ಗುಣ ಮಕ್ಕಳಿಗೆ ಒಯ್ಯುವ ಡಿಎನ್‌ಎಯ ತಿರುಚಿದ ಏಣಿಯ ಚಿತ್ರ ಬಿಡಿಸುವುದು, ಬಟಾಣಿ ಗಿಡದ ಚೌಕ ಹಾಕುವುದು, ಪ್ರಶ್ನೆಪತ್ರಿಕೆಯಲ್ಲಿ ಬರುವ ನಾಲ್ಕು ಪ್ರಶ್ನೆ ಬರೆಸುವುದು. ಮಕ್ಕಳು ಚಿತ್ರ ಚೆನ್ನಾಗಿಯೇ ಬಿಡಿಸುತ್ತಿದ್ದರು. ಒಮ್ಮೆ ಒಬ್ಬ ಹುಡುಗ, "ಡಿಎನ್‌ಎ ಅಂದ್ರೆ ರಕ್ತದಲ್ಲಿ ಇರ್ತದಲ್ಲ, ಪೊಲೀಸರು ತೆಗೀತಾರಲ್ಲ, ಅದೇ ಅಲ್ವಾ?" ಎಂದ. ಬಾಳೆಹಣ್ಣಿನಲ್ಲೂ ಇದೆ ಎಂದೆ. ಇಡೀ ಕ್ಲಾಸು ನಕ್ಕಿತು. ಸರಿ, ತೆಗೆದೇ ತೋರಿಸುತ್ತೇನೆ ಎಂದು ಹೇಳಿಬಿಟ್ಟೆ. ಹೇಳುವುದು ಸುಲಭ.

ಇಂಟರ್‌ನೆಟ್ಟಿನ ವಿಡಿಯೋಗಳಲ್ಲಿ ಎಲ್ಲರೂ ಸ್ಟ್ರಾಬೆರಿ ಹಿಡಿದು ಕೂತಿರುತ್ತಾರೆ. ಅದರ ಕೋಶದಲ್ಲಿ ಕ್ರೋಮೋಸೋಮುಗಳ (ಡಿಎನ್‌ಎ ಸುತ್ತಿಟ್ಟ ಎಳೆಗಳ) ಎಂಟು ಗುಂಪು ಇರುವುದರಿಂದ ಡಿಎನ್‌ಎ ಜಾಸ್ತಿ ಸಿಗುತ್ತದೆ, ನಿಜ. ಆದರೆ ಅಂಕೋಲೆ ಸಂತೆಯಲ್ಲಿ ಸ್ಟ್ರಾಬೆರಿ ಎಲ್ಲಿಂದ ತರಲಿ? ಪುಟ್ಟಬಾಳೆ ಸಾಕು. ಅರ್ಧ ಹಣ್ಣು ಕಿವುಚಿ, ಒಂದು ಲೋಟ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, ಅರ್ಧ ಚಮಚ ಉಪ್ಪು ಹಾಕಿ, ನೊರೆ ಏಳದ ಹಾಗೆ ನಿಧಾನಕ್ಕೆ ಕಲಸಬೇಕು. ಟೀ ಸೋಸುವ ಜಾಲರಿ ಎರಡೇ ನಿಮಿಷದಲ್ಲಿ ಕಟ್ಟಿಕೊಳ್ಳುತ್ತದೆ. ಹಳೆಯ ಪಂಚೆಯ ತುಂಡು ಎಲ್ಲಕ್ಕಿಂತ ಒಳ್ಳೆಯದು. ಸೋಸಿದ ನೀರನ್ನು ಟೆಸ್ಟ್ ಟ್ಯೂಬಿಗೆ ಹಾಕಿ, ಟ್ಯೂಬು ಓರೆ ಹಿಡಿದು, ಗೋಡೆಗುಂಟ ತಣ್ಣನೆಯ ಆಲ್ಕೋಹಾಲ್ ಇಳಿಸಬೇಕು. ಎರಡೂ ಸೇರುವ ಗೆರೆಯಲ್ಲಿ ಬಿಳಿ ಎಳೆ ಏಳುತ್ತದೆ.

ನನಗೆ ಮೊದಲ ದಿನ ಏನೂ ಏಳಲಿಲ್ಲ.

ಕೊರೊನಾ ಕಾಲದ ಸ್ಯಾನಿಟೈಸರ್ ಕ್ಯಾನು ಒಂದು ಮೂಲೆಯಲ್ಲಿ ಉಳಿದಿತ್ತು. ಪುಕ್ಕಟೆ ಆಲ್ಕೋಹಾಲ್ ಎಂದು ಅದನ್ನೇ ಸುರಿದಿದ್ದೆ. ನಲವತ್ತು ಮಕ್ಕಳು ಟ್ಯೂಬು ಹಿಡಿದು ಕಾದರು. ಬೆಲ್ ಹೊಡೆಯಿತು. ಮನೆಗೆ ಹೋಗಿ ಲೆಕ್ಕ ಹಾಕಿದಾಗ ತಪ್ಪು ತಿಳಿಯಿತು. ಸ್ಯಾನಿಟೈಸರ್‌ನಲ್ಲಿ ಇರುವುದೇ 70 ಶೇಕಡಾ ಆಸುಪಾಸು. ಅಷ್ಟೇ ಅಳತೆಯ ಬಾಳೆಹಣ್ಣಿನ ನೀರಿಗೆ ಸೇರಿದರೆ 35ಕ್ಕೆ ಇಳಿಯಿತು. ಡಿಎನ್‌ಎ ಹೊರಗೆ ಬೀಳಲು ಅದು ಸಾಲದು. ಐಸೊಪ್ರೊಪೈಲ್ ಆಲ್ಕೋಹಾಲ್ ಗಟ್ಟಿಯದಾದರೆ ಸಮಸಮ ಸಾಕು. ಎಥನಾಲ್ ಆದರೆ ಎರಡು ಪಟ್ಟು ಬೇಕು. ಗಟ್ಟಿ ಐಸೊಪ್ರೊಪೈಲ್ ಎಲ್ಲಿ ಸಿಗುತ್ತದೆ ಎಂದು ಮೂರು ಮೆಡಿಕಲ್ ಶಾಪ್ ಸುತ್ತಿದೆ. ಕೊನೆಗೆ ಸಿಕ್ಕಿದ್ದು ಮೊಬೈಲ್ ರಿಪೇರಿ ಅಂಗಡಿಯಲ್ಲಿ. ನೀರಿಗೆ ಬಿದ್ದ ಫೋನಿನ ಬೋರ್ಡು ತೊಳೆಯಲು ಅವರು ಅದನ್ನೇ ಬಳಸುತ್ತಾರೆ. "ಟೀಚರ್, ಶಾಲೆಯಲ್ಲಿ ಮೊಬೈಲ್ ರಿಪೇರಿ ಕಲಿಸ್ತೀರಾ?" ಎಂದು ಅಂಗಡಿಯವರು ಕೇಳಿದರು.

ತಣ್ಣಗೆ ಮಾಡುವುದಕ್ಕೆ ಶಾಲೆಯಲ್ಲಿ ಫ್ರಿಜ್ ಇಲ್ಲ. ಆದರೆ ನಮ್ಮೂರಲ್ಲಿ ಐಸಿಗೆ ಬರವಾ? ಮೀನಿನ ಥರ್ಮೋಕೋಲ್ ಡಬ್ಬಿಯಲ್ಲಿ ಒಡೆದ ಐಸು ತುಂಬಿಸಿ, ಎರಡು ಮುಷ್ಟಿ ಹರಳುಪ್ಪು ಹಾಕಿ, ಬಾಟಲಿ ಹುಗಿದಿಟ್ಟರೆ ಅರ್ಧ ಗಂಟೆಯಲ್ಲಿ ಕೈಯಲ್ಲಿ ಹಿಡಿಯಲಾಗದಷ್ಟು ತಣ್ಣಗಾಗುತ್ತದೆ. ಉಪ್ಪು ಹಾಕಿದರೆ ಐಸು ಇನ್ನೂ ತಣ್ಣಗಾಗುವುದು ಎಂತಕ್ಕೆ ಎನ್ನುವುದು ಬೇರೆ ಪಾಠ. ಅದನ್ನೂ ಅಲ್ಲೇ ಮಾಡಿ ಮುಗಿಸಿದೆ. ಒಂದು ಎಚ್ಚರಿಕೆ ಮಾತ್ರ: ಆಲ್ಕೋಹಾಲ್ ತೆರೆಯುವ ದಿನ ಆ ಕೋಣೆಯಲ್ಲಿ ಸ್ಪಿರಿಟ್ ಲ್ಯಾಂಪ್ ಇಲ್ಲ, ಬೆಂಕಿಕಡ್ಡಿ ಇಲ್ಲ, ಕಿಟಕಿ ಎಲ್ಲಾ ತೆರೆದಿರಬೇಕು. ಬಾಟಲಿ ನನ್ನ ಕೈಯಲ್ಲೇ ಇರುತ್ತದೆ, ಸುರಿಯುವವಳೂ ನಾನೇ.

ಎರಡನೇ ಸಲ ಎಳೆ ಬಂತು. ಹತ್ತು ನಿಮಿಷದಲ್ಲಿ ಟ್ಯೂಬಿನ ಮಧ್ಯೆ ಮೋಡದ ಹಾಗೆ, ಗುಳ್ಳೆ ಸಿಕ್ಕಿಕೊಂಡ ಬಿಳಿ ಲೋಳೆ. ಹಿಡಿಕಡ್ಡಿಯಿಂದ ಎತ್ತಿದರೆ ಜೋತಾಡುತ್ತಿತ್ತು. ಚಪ್ಪಾಳೆ ಬಿತ್ತು. ನನಗೂ ಹೆಮ್ಮೆ. ಪಾತ್ರೆಯ ಜಿಡ್ಡು ಬಿಡಿಸುವ ಲಿಕ್ವಿಡ್ಡೇ ಕೋಶದ ಜಿಡ್ಡಿನ ಪೊರೆಯನ್ನೂ ಬಿಡಿಸುತ್ತದೆ, ಡಿಎನ್‌ಎ ಎಳೆಗಳ ಮೇಲಿರುವ ಋಣ ವಿದ್ಯುತ್ತನ್ನು ಉಪ್ಪು ತಣಿಸಿ ಎಳೆಗಳು ಒಂದಕ್ಕೊಂದು ಅಂಟುವ ಹಾಗೆ ಮಾಡುತ್ತದೆ, ಆಲ್ಕೋಹಾಲಿನಲ್ಲಿ ಕರಗದೆ ಅವು ಹೊರಬೀಳುತ್ತವೆ ಎಂದು ವಿವರಿಸಿದೆ. ಆಗ ಗೋಡೆ ಪಕ್ಕದ ಬೆಂಚಿನ ಒಬ್ಬ ಹುಡುಗಿ ಕೈ ಎತ್ತಿದಳು. ತರಗತಿಯಲ್ಲಿ ಮಾತೇ ಆಡದವಳು.

"ಅದು ಡಿಎನ್‌ಎನೇ ಅಂತ ಹೆಂಗೆ ಗೊತ್ತು, ಟೀಚರ್?"

ಪುಸ್ತಕದಲ್ಲಿದೆ ಎನ್ನುವ ಮಾತು ಬಾಯಿಯವರೆಗೆ ಬಂದಿತ್ತು. ನುಂಗಿದೆ. ನಾಳೆ ಹೇಳುತ್ತೇನೆ ಎಂದೆ.

ಮರುದಿನ ಅವಳೇ ಹೇಳಿದಳು. ಹಾರ್ಲಿಕ್ಸ್ ಬಾಟಲಿಯಲ್ಲಿ ಹಸಿರು ಗೊಂಪು ತಂದಿದ್ದಳು. ದಾಸವಾಳದ ಸೊಪ್ಪನ್ನು ನೀರಲ್ಲಿ ಕಿವುಚಿ ತಲೆಗೆ ಹಚ್ಚಿ ಮೀಯುತ್ತೇವಲ್ಲ, ಅದೇ. ಲಿಕ್ವಿಡ್ ಇಲ್ಲ, ಉಪ್ಪಿಲ್ಲ, ಸುಮ್ನೆ ಸೊಪ್ಪು ಮತ್ತು ನೀರು. "ಇದಕ್ಕೆ ಆಲ್ಕೋಹಾಲ್ ಹಾಕಿ ನೋಡ್ವ" ಎಂದಳು. ಹಾಕಿದೆ. ಬಾಳೆಹಣ್ಣಿನದ್ದಕ್ಕಿಂತ ದಪ್ಪ, ಬೆಳ್ಳಗಿನ, ಕಡ್ಡಿಗೆ ಸುತ್ತಿಕೊಳ್ಳುವ ಲೋಳೆ ಮೇಲೆದ್ದಿತು. ಇಡೀ ಕ್ಲಾಸು ನನ್ನ ಮುಖ ನೋಡಿತು.

ಗೊಂಪಿನ ಲೋಳೆ ಅಂದರೆ ಸಕ್ಕರೆಯ ಉದ್ದುದ್ದ ಸರಪಳಿ. ಅದೂ ಆಲ್ಕೋಹಾಲಿನಲ್ಲಿ ಕರಗುವುದಿಲ್ಲ. ಬಾಳೆಹಣ್ಣಿನಲ್ಲೂ ಅದರ ಅಣ್ಣತಮ್ಮನಂಥ ಪೆಕ್ಟಿನ್ ಬೇಕಾದಷ್ಟಿದೆ. ಜಾಮ್ ಗಟ್ಟಿಯಾಗುವುದೇ ಪೆಕ್ಟಿನ್‌ನಿಂದ. ಅಂದರೆ ನಾವು ಚಪ್ಪಾಳೆ ಹೊಡೆದದ್ದರಲ್ಲಿ ಡಿಎನ್‌ಎ ಇತ್ತು, ಆದರೆ ಪೆಕ್ಟಿನ್ನೂ ಇತ್ತು, ಪ್ರಾಯಶಃ ಅದೇ ಜಾಸ್ತಿ. ವಿಡಿಯೋದಲ್ಲಿ ಯಾರೂ ಇದನ್ನು ಹೇಳುವುದಿಲ್ಲ. ಹೇಳಿದರೆ ವಿಡಿಯೋದ ಮಜಾ ಹೋಗುತ್ತದೆ, ಅಷ್ಟೆ.

ಹಾಗಾದರೆ ಪೆಕ್ಟಿನ್ ಇಲ್ಲದ ವಸ್ತು ಯಾವುದು? ಪ್ರಾಣಿ. ಪ್ರಾಣಿಯ ಕೋಶಕ್ಕೆ ಗಿಡದ ಹಾಗೆ ಗೋಡೆಯಿಲ್ಲ, ಪೆಕ್ಟಿನ್ ಇರುವುದಿಲ್ಲ. ಹೀಗೆ ಮಾತಾಡುತ್ತ ಮಾತಾಡುತ್ತ ಮಕ್ಕಳೇ ಮೀನಿಗೆ ಬಂದರು. ನಮ್ಮ ಊರಲ್ಲವೇ, ಎಲ್ಲಾ ಮಾತೂ ಕೊನೆಗೆ ಮೀನಿಗೇ ಬರುತ್ತದೆ.

ಇಲ್ಲಿ ಒಂದು ಹಳೆಯ ಕತೆ ಹೇಳಬೇಕು. ಮಕ್ಕಳಿಗೂ ಅದನ್ನೇ ಹೇಳಿದೆ. ಡಿಎನ್‌ಎಯನ್ನು ಮೊದಲು ಬೇರ್ಪಡಿಸಿದವನು ಫ್ರೀಡ್ರಿಶ್ ಮೀಶರ್. 1869ರಲ್ಲಿ, ಜರ್ಮನಿಯ ಟ್ಯೂಬಿಂಗನ್ನಿನ ಕೋಟೆಯಲ್ಲಿ. ಅವನ ಲ್ಯಾಬು ಆ ಕೋಟೆಯ ಹಳೆಯ ಅಡುಗೆಮನೆ. ಆಸ್ಪತ್ರೆಯಿಂದ ಗಾಯದ ಪಟ್ಟಿ ತರಿಸಿಕೊಂಡು, ಅದರ ಕೀವಿನ ಬಿಳಿ ರಕ್ತಕಣಗಳಿಂದ ಒಂದು ವಸ್ತು ತೆಗೆದ. ಕೋಶದ ಕೇಂದ್ರದಲ್ಲಿ, ಅಂದರೆ ನ್ಯೂಕ್ಲಿಯಸ್ಸಿನಲ್ಲಿ ಸಿಕ್ಕಿದ್ದಕ್ಕೆ ನ್ಯೂಕ್ಲೀನ್ ಎಂದು ಹೆಸರಿಟ್ಟ. ಅದು ಪ್ರೋಟೀನ್ ಅಲ್ಲ ಎಂದು ಅವನಿಗೆ ಗೊತ್ತಾದದ್ದು ಹೇಗೆ? ಹಂದಿಯ ಹೊಟ್ಟೆಯಿಂದ ತೆಗೆದ ಪೆಪ್ಸಿನ್ ಎಂಬ ಕಿಣ್ವ ಹಾಕಿ ನೋಡಿದ. ಪ್ರೋಟೀನ್ ಆಗಿದ್ದರೆ ಜೀರ್ಣವಾಗಬೇಕಿತ್ತು. ಆಗಲಿಲ್ಲ. ಮುಂದೆ ಬಾಸೆಲ್‌ಗೆ ಹೋದ ಮೇಲೆ ಕೀವು ಬಿಟ್ಟು ರೈನ್ ನದಿಯ ಸಾಲ್ಮನ್ ಮೀನಿನ ವೀರ್ಯ ಹಿಡಿದ. ವೀರ್ಯಾಣುವಿನ ತಲೆ ಅಂದರೆ ಬಹುಪಾಲು ನ್ಯೂಕ್ಲಿಯಸ್ಸೇ, ಅಲ್ವಾ?

ಸಾಲ್ಮನ್ ಇಲ್ಲದಿದ್ದರೆ ಬಂಗಡೆ. ಆಗ ಆಗಸ್ಟ್. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ಮುಗಿದು ದೋಣಿಗಳು ಮತ್ತೆ ಇಳಿದಿದ್ದವು. ಮಳೆಗಾಲದ ಆಸುಪಾಸಿನಲ್ಲಿ ಬಂಗಡೆಯ ಹೊಟ್ಟೆಯಲ್ಲಿ ಗಾಬೋಳಿ ತುಂಬಿರುತ್ತದೆ ಎಂದು ನನಗಿಂತ ಚೆನ್ನಾಗಿ ಮಕ್ಕಳಿಗೆ ಗೊತ್ತು. ನನಗೆ ಬೇಕಿದ್ದುದು ಹೆಣ್ಣು ಮೀನಿನ ಮೊಟ್ಟೆಯಲ್ಲ, ಗಂಡು ಮೀನಿನ ವೀರ್ಯ ತುಂಬಿದ ಬಿಳಿ ಗಡ್ಡೆ. ಅದೇನು ಎಂದು ಬಿಡಿಸಿ ಹೇಳಿದಾಗ ಹಿಂದಿನ ಬೆಂಚಿನಲ್ಲಿ ಕಿಸಕ್ ಎಂದು ನಕ್ಕರು. ಸಂತಾನೋತ್ಪತ್ತಿ ಪಾಠ ಹೇಗೂ ಮುಂದಿದೆ, ಈಗಲೇ ನಕ್ಕು ಮುಗಿಸಿ ಎಂದೆ. ಬೇಲೇಕೇರಿ ಬಂದರಿನ ಕಡೆಯಿಂದ ಬರುವ ಇಬ್ಬರು ಹುಡುಗರು ಮರುದಿನ ಒಂದು ಡಜನ್ ಬಂಗಡೆ ತಂದರು. ಅದರಲ್ಲಿ ನಾಲ್ಕಕ್ಕೆ ಮಾತ್ರ ಒಳ್ಳೆಯ ಗಡ್ಡೆಯಿತ್ತು. ಮೀನು ಮುಟ್ಟದ ಮನೆಯ ಮಕ್ಕಳೂ ಇದ್ದಾರೆ. ಅವರಿಗೆ ಬಾಳೆಹಣ್ಣು ಮತ್ತು ಗೊಂಪಿನ ಟ್ಯೂಬುಗಳ ಜವಾಬ್ದಾರಿ ಕೊಟ್ಟೆ. ಹೋಲಿಸಿ ನೋಡಲು ಅವೂ ಬೇಕೇ ಬೇಕು.

ಉಗುರಿನಷ್ಟು ತುಂಡು ಸಾಕು. 100 ಎಂಎಲ್ ನೀರಿಗೆ 10 ಗ್ರಾಂ ಉಪ್ಪು ಕರಗಿಸಿ, ಅದರಲ್ಲಿ ಸ್ವಲ್ಪ ತೆಗೆದು ಗಡ್ಡೆಯನ್ನು ಅರೆದೆವು. ಮೊದಲು ಹಾಲಿನ ಹಾಗಿತ್ತು. ಅರೆಯುತ್ತಿದ್ದ ಹುಡುಗ ಎರಡು ನಿಮಿಷದಲ್ಲಿ ಕೈ ನಿಲ್ಲಿಸಿ, "ಟೀಚರ್, ಎಂತದೋ ಆಗ್ತಾ ಉಂಟು" ಎಂದ. ಹಾಲು ಹೋಗಿ ಮೊಟ್ಟೆಯ ಲೋಳೆಯಂತಾಗಿತ್ತು. ಕಡ್ಡಿ ಎತ್ತಿದರೆ ದಾರವೇ ಏಳುತ್ತಿತ್ತು. ಉಪ್ಪು ಜಾಸ್ತಿಯಾದಾಗ ಡಿಎನ್‌ಎಗೆ ಅಂಟಿಕೊಂಡ ಪ್ರೋಟೀನ್ ಬಿಟ್ಟುಕೊಳ್ಳುತ್ತದೆ, ಮುದ್ದೆಯಾಗಿದ್ದ ಎಳೆ ಬಿಚ್ಚುತ್ತದೆ, ನೀರು ಮಂದವಾಗುತ್ತದೆ. ನಮ್ಮ ಒಂದೊಂದು ಕೋಶದೊಳಗೆ ಸುಮಾರು ಎರಡು ಮೀಟರ್ ಡಿಎನ್‌ಎ ಮಡಚಿಟ್ಟಿದೆ ಎಂದು ಎಷ್ಟು ಸಲ ಬರೆಸಿದ್ದೆನೋ. ಅಂಥ ಎಳೆ ಬಿಚ್ಚಿಕೊಂಡರೆ ಏನಾಗುತ್ತದೆ ಎಂದು ಕೈಗೆ ತಿಳಿದದ್ದು ಅವತ್ತು. ನನಗೂ.

ಆಲ್ಕೋಹಾಲ್ ಇಳಿಸಿದೆ. ಬಾಳೆಹಣ್ಣಿನ ಹಾಗೆ ಮೋಡವಲ್ಲ, ಗೊಂಪಿನ ಹಾಗೆ ಮುದ್ದೆಯೂ ಅಲ್ಲ. ಹತ್ತಿಯನ್ನು ನೀರಲ್ಲಿ ಹಿಂಜಿದ ಹಾಗೆ ನಾರು. ಕಡ್ಡಿ ತಿರುಗಿಸಿದರೆ ಬಲೆಯ ನೂಲಿನಂತೆ ಸುತ್ತಿಕೊಂಡು ಬಂತು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಗೊಂಪಿನ ಹುಡುಗಿ ಈಗ ಸುಮ್ಮನಿರುವವಳಲ್ಲ. "ಪೆಕ್ಟಿನ್ ಅಲ್ಲ, ಸರಿ. ಪ್ರೋಟೀನ್ ಅಲ್ಲ ಅಂತ ಹೆಂಗೆ?" ಹಂದಿ ಹೊಟ್ಟೆ ತರುವುದು ಆಗದ ಮಾತು. ಹಸಿ ಪಪ್ಪಾಯಿ ಹಾಲು ಹಾಕುವ ಎಂದೆ, ಮಾಂಸ ಬೇಗ ಬೇಯಲು ಹಾಕುತ್ತಾರಲ್ಲ. ಪಪ್ಪಾಯಿಯಲ್ಲೂ ಪೆಕ್ಟಿನ್ ಇರ್ತದಲ್ಲ ಎಂದು ಇನ್ನೊಬ್ಬ. ಹಣ್ಣಿನದ್ದು ಯಾವುದಾದರೂ ಅದೇ ಗತಿ. ಕೊನೆಗೆ ಬನವಾಸಿ ಕಡೆಯ ಒಂದು ಅನಾನಸ್ ತಂದೆವು. ಅದರ ರಸದಲ್ಲಿ ಪ್ರೋಟೀನ್ ಕತ್ತರಿಸುವ ಬ್ರೊಮೆಲಿನ್ ಇದೆ. ಅನಾನಸ್ ಜಾಸ್ತಿ ತಿಂದರೆ ನಾಲಿಗೆ ಉರಿಯುವುದಕ್ಕೆ ಅದೂ ಒಂದು ಕಾರಣ. ಮೂರು ಟ್ಯೂಬು ಇಟ್ಟೆವು: ಬರೀ ಮೀನಿನದ್ದು, ಮೀನಿನದ್ದಕ್ಕೆ ಅನಾನಸ್ ರಸದ ಹನಿ ಹಾಕಿದ್ದು, ಮತ್ತು ಮೀನಿಲ್ಲದೆ ಉಪ್ಪುನೀರು ಮತ್ತು ಅನಾನಸ್ ರಸ ಮಾತ್ರ. ಅನಾನಸ್ಸೂ ಹಣ್ಣೇ, ಅದರ ರಸದಿಂದಲೇ ಎಳೆ ಏಳುತ್ತದೋ ಎಂದು ನೋಡಲು ಮೂರನೆಯದು ಇಡಬೇಕು ಎಂದು ಹೇಳಿದವಳು ನಾನಲ್ಲ, ಮಕ್ಕಳೇ. ಅದರಲ್ಲಿ ತೆಳು ಮಬ್ಬು ಬಿಟ್ಟರೆ ಏನೂ ಇಲ್ಲ. ಮೊದಲೆರಡರಲ್ಲೂ ನಾರು ಬಂತು. ಪ್ರೋಟೀನ್ ಆಗಿದ್ದರೆ ಎರಡನೆಯದರಲ್ಲಿ ಕತ್ತರಿಸಿ ಹೋಗಬೇಕಿತ್ತು.

ಲ್ಯಾಬಿನ ನಾತ ಮೂರು ದಿನ ಹೋಗಲಿಲ್ಲ. ಒಂದು ಬೆಕ್ಕು ಕಿಟಕಿಯಿಂದ ಬಂದು ಕಪಾಟಿನ ಅಡಿಯಲ್ಲೇ ಬಿಡಾರ ಹೂಡಿತು. ಹೆಡ್ ಮಾಸ್ತರು ಬಾಗಿಲಲ್ಲಿ ನಿಂತು, "ಟೀಚರ್, ಇದು ವಿಜ್ಞಾನವೋ, ಮೀನು ಮಾರ್ಕೆಟ್ಟೋ?" ಎಂದರು. ಆದರೆ ತಡೆಯಲಿಲ್ಲ. ಉಳಿದ ಎಂಟು ಬಂಗಡೆ ಎಲ್ಲಿ ಹೋಯಿತು ಎಂದು ನಾನೂ ವಿಚಾರಿಸಲಿಲ್ಲ.

ಬೇರೆ ಪ್ರಯೋಗಗಳನ್ನೂ ಮಾಡಿದ್ದೇನೆ, ಎಲ್ಲಾ ಇಷ್ಟು ಚೆನ್ನಾಗಿ ಆಗಿಲ್ಲ. ಎಂಟನೇ ತರಗತಿಗೆ ಇಡ್ಲಿ ಹಿಟ್ಟು ಒಳ್ಳೆಯದು. ಬಾಟಲಿಗೆ ಹಿಟ್ಟು ಹಾಕಿ, ಬಾಯಿಗೆ ಬಲೂನು ಕಟ್ಟಿ, ರಬ್ಬರ್ ಬ್ಯಾಂಡಿನಿಂದ ಗುರುತು ಮಾಡಿದರೆ ಸಾಕು. ಶಿರಸಿಯಲ್ಲಿರುವ ನನ್ನ ಅಕ್ಕ ಅದೇ ದಿನ, ಅದೇ ಅಳತೆಯಲ್ಲಿ ಇಟ್ಟು ಫೋಟೋ ಕಳಿಸಿದಳು. ಡಿಸೆಂಬರಿನಲ್ಲಿ ಘಟ್ಟದ ಮೇಲಿನ ಹಿಟ್ಟು ಬೆಳಿಗ್ಗೆಯೂ ಮಲಗಿಯೇ ಇತ್ತು, ನಮ್ಮದು ಉಕ್ಕಿ ಬೆಂಚಿಗೆ ಇಳಿದಿತ್ತು. ಜೆಲ್ಲಿಗೆ ಹಾಕುವ ಚೈನಾ ಗ್ರಾಸ್ ಕಾಯಿಸಿ ತಟ್ಟೆಗೆ ಹುಯ್ದು, ಕೈಯ ಕೀಟಾಣು ಬೆಳೆಸುವ ಪ್ರಯೋಗವನ್ನು ಮಾತ್ರ ಒಂದೇ ಸಲ ಮಾಡಿ ಬಿಟ್ಟೆ. ನಮ್ಮ ಮಳೆಗಾಲದ ಹವೆಗೆ ಎಲ್ಲದರ ಮೇಲೂ ಬೂಷ್ಟು. ಜೊತೆಗೆ ಒಬ್ಬ ಹುಡುಗ ಮುಚ್ಚಳ ತೆಗೆದು ಮೂಸಿ ನೋಡಿದ. ಏನು ಬೆಳೆದಿದೆಯೋ ಯಾರಿಗೆ ಗೊತ್ತು. ಅಷ್ಟನ್ನೂ ಪ್ರೆಶರ್ ಕುಕ್ಕರಿನಲ್ಲಿ ಇಪ್ಪತ್ತು ನಿಮಿಷ ಬೇಯಿಸಿ ಹೂತೆ. ಆ ಕುಕ್ಕರು ಮತ್ತೆ ಅಡುಗೆಮನೆಗೆ ಹೋಗಲಿಲ್ಲ. ಇನ್ನೊಮ್ಮೆ ಮಾಡುವುದಾದರೆ ಮುಚ್ಚಳಕ್ಕೆ ಟೇಪು ಸುತ್ತಿ ಮಾತ್ರ.

ಸಮಯದ್ದೇ ದೊಡ್ಡ ತೊಂದರೆ. 40 ನಿಮಿಷದ ಪೀರಿಯಡ್ಡಿನಲ್ಲಿ ಬಂಗಡೆ ಕೊಯ್ದು, ಅರೆದು, ತೊಳೆದು ಮುಗಿಯುವುದಿಲ್ಲ. ಪಿಟಿ ಸರ್ ಹತ್ತಿರ ಒಂದು ಪೀರಿಯಡ್ ಕೇಳಿ ಪಡೆದೆ, ಬದಲಿಗೆ ಎರಡು ಕೊಟ್ಟೆ. ಪುಸ್ತಕದಲ್ಲಿ ಅನುವಂಶೀಯತೆ ತಡವಾಗಿ ಬರುವ ಪಾಠ, ಮೀನಿನ ಲೆಕ್ಕದಲ್ಲಿ ಆಗಸ್ಟೇ ಸರಿ. ಹಾಗಾಗಿ ಪ್ರಯೋಗ ಮೊದಲು, ಪಾಠ ಆಮೇಲೆ. ಕಾರವಾರದಲ್ಲಿ ಕಡಲ ಮೀನುಗಾರಿಕೆಯ ಸಂಶೋಧನೆ ಮಾಡುವ ಸಿಎಂಎಫ್‌ಆರ್‌ಐ ಕೇಂದ್ರ ಇದೆ, ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಕಲಿಸುವ ವಿಭಾಗ ಇದೆ. ಬಸ್ಸಿನಲ್ಲಿ ಹೋಗುವಾಗ ಬೋರ್ಡು ಮಾತ್ರ ಓದುತ್ತಿದ್ದ ಮಕ್ಕಳು ಈಗ ಒಳಗೆ ಏನು ಮಾಡುತ್ತಾರೆ ಎಂದು ಕೇಳುತ್ತಾರೆ.

ಮೂರು ಬಾಟಲಿಗಳಲ್ಲಿ ಆಲ್ಕೋಹಾಲ್ ತುಂಬಿ ಬಾಳೆಹಣ್ಣಿನದ್ದು, ಗೊಂಪಿನದ್ದು, ಬಂಗಡೆಯದ್ದು ಎಂದು ಕಪಾಟಿನಲ್ಲಿ ಇಟ್ಟಿದ್ದೇವೆ. ಚೀಟಿ ಅಂಟಿಸಿದ್ದು ಹಿಂಭಾಗಕ್ಕೆ, ಬೇಕೆಂದೇ. ಹೋದ ಸಲ ಪಕ್ಕದ ಶಾಲೆಯ ವಿಜ್ಞಾನ ಶಿಕ್ಷಕರೊಬ್ಬರು ಬಂದಿದ್ದರು. ಮೂರನ್ನೂ ಬೆಳಕಿಗೆ ಹಿಡಿದು ನೋಡಿ, ಮಧ್ಯದ್ದನ್ನು ಎತ್ತಿಕೊಂಡು, "ಟೀಚರ್, ಡಿಎನ್‌ಎ ಭಾರೀ ಚೆನ್ನಾಗಿ ಬಂದಿದೆ!" ಎಂದರು. ಬೆಂಚು ಒರೆಸುತ್ತಿದ್ದ ಒಂಬತ್ತನೇ ತರಗತಿಯ ಹುಡುಗನೊಬ್ಬ ತಲೆ ಎತ್ತದೆ ಹೇಳಿದ, "ಸರ್, ಅದು ಗೊಂಪು."