ಪೆನ್ ತಿರುಗಿಸುವುದು ಹೇಗೆ? ಮಣಿಕಟ್ಟು ಬಿಡಿ, ನಡುಬೆರಳು ನೋಡಿ

ರಾಯಚೂರಿಗೆ ಅಕ್ಕನ ಮನೆಗೆ ಹೋದಾಗಲೆಲ್ಲ ಇದನ್ನೇ ನೋಡುತ್ತೇನೆ. ಅವಳ ಮಗ ನೀಟ್‌ಗೆ ಎರಡನೇ ಸಲ ಓದುತ್ತಿದ್ದಾನೆ, ಅವನೂ ಗೆಳೆಯರೂ ಪುಸ್ತಕ ತೆಗೆದರೆ ಸಾಕು ಪೆನ್ ತಿರುಗಿಸಲು ಶುರು, ಫರಸಿ ಮೇಲೆ ಟಪ್ ಟಪ್ ಅಂತ ಬೀಳುತ್ತಲೇ ಇರುತ್ತದೆ. ಜಪಾನಿನಲ್ಲಿ ಇದಕ್ಕೆ ಹಿಂದೆ ರೋನಿನ್ ಮವಾಶಿ ಎಂಬ ಹೆಸರೇ ಇತ್ತು. ಸೀಟು ಸಿಗದೆ ಮತ್ತೆ ಪರೀಕ್ಷೆಗೆ ಓದುವವರನ್ನು ಅಲ್ಲಿ ರೋನಿನ್ ಅನ್ನುತ್ತಾರೆ.

ಎಲ್ಲರ ತಪ್ಪೂ ಒಂದೇ. ಮಣಿಕಟ್ಟು ತಿರುವಿ ಪೆನ್ ಎಸೆಯುತ್ತಾರೆ.

ಮೊದಲು ಕಲಿಯಬೇಕಾದದ್ದು ಥಂಬ್‌ಅರೌಂಡ್. ಪೆನ್ ಹೆಬ್ಬೆರಳ ಸುತ್ತ ಒಂದು ಸುತ್ತು ಬರಬೇಕು, ಅಷ್ಟೇ.

ಕ್ಲಿಕ್ ಪೆನ್ ಬೇಡ, ಗಿಡ್ಡವಾಗಿ ಒಂದೇ ಕಡೆ ಭಾರ ಇರುತ್ತದೆ. ಎರಡು ರೆನಾಲ್ಡ್ಸ್ 045 ತನ್ನಿ, ಒಂದರ ಕ್ಯಾಪ್ ತೆಗೆದು ಇನ್ನೊಂದರ ಹಿಂಬದಿಗೆ ಹಾಕಿ. ಪೆನ್ ಉದ್ದವಾಗುತ್ತದೆ, ತೂಕ ಎರಡೂ ತುದಿಗೆ ಹೋಗುತ್ತದೆ, ನಿಧಾನವಾಗಿ ಸುತ್ತುತ್ತದೆ. ಇದಕ್ಕಿಂತ ದುಬಾರಿ ಪೆನ್ ಕಲಿಯುವವರಿಗೆ ಬೇಕಿಲ್ಲ.

ಈಗ ಈ ಆಟಗಳನ್ನು ಕಾಗದದ ಮೇಲೆ ಬರೆದು ತೋರಿಸುವ ಕ್ರಮ. ಹೆಬ್ಬೆರಳು ಟಿ, ತೋರುಬೆರಳು 1, ನಡುಬೆರಳು 2, ಉಂಗುರಬೆರಳು 3, ಕಿರುಬೆರಳು 4. ನಮ್ಮ ಆಟವನ್ನು ಟಿ12-ಟಿ1 ಅಂತ ಬರೆಯುತ್ತಾರೆ. ಅಂದರೆ ಮೂರು ಬೆರಳಲ್ಲಿ ಶುರು, ಎರಡರಲ್ಲಿ ಕೊನೆ. ಗಮನಿಸಿ, ಕೊನೆಯಲ್ಲಿ 2 ಇಲ್ಲ! ನಡುಬೆರಳು ನಡುವೆ ಎಲ್ಲೋ ಜಾಗ ಖಾಲಿ ಮಾಡಬೇಕು. ಹುಡುಗರು ಸೋಲುವುದು ಇಲ್ಲೇ.

ಪೆನ್ನಿನ ಮಧ್ಯಭಾಗವನ್ನು ಮೂರೂ ಬೆರಳಲ್ಲಿ ಹಗುರವಾಗಿ ಹಿಡಿಯಿರಿ, ಹೆಬ್ಬೆರಳು ನೇರ ಇರಲಿ. ಅಂಗೈ ತುರಿಸಿದಾಗ ನಡುಬೆರಳಿಂದ ಕೆರೆದುಕೊಳ್ಳುತ್ತೇವಲ್ವಾ, ಹಾಗೆ ಬೆರಳನ್ನು ಒಳಗೆ ಎಳೆಯಿರಿ. ಪೆನ್ ಆ ಎಳೆತಕ್ಕೇ ತಿರುಗುತ್ತದೆ, ಜಾಸ್ತಿ ಬಲ ಬೇಡ. ಎಳೆದ ಮೇಲೆ ಬೆರಳನ್ನು ವಾಪಸ್ ಚಾಚಬೇಡಿ. ಅಲ್ಲೇ ಮಡಚಿಕೊಂಡಿರಲಿ, ಚಾಚಿದರೆ ಸುತ್ತಿ ಬರುವ ಪೆನ್ನಿಗೆ ಅದೇ ಅಡ್ಡ. ತೋರುಬೆರಳನ್ನೂ ಅದೇ ಗಳಿಗೆಯಲ್ಲಿ ತುಸು ಸಡಿಲ ಬಿಡಿ. ಪೆನ್ ಹೆಬ್ಬೆರಳ ಗಂಟಿನ ಹತ್ತಿರ ಉರುಳಬೇಕು, ಉಗುರಿನ ಮೇಲೆ ಬಂದರೆ ಜಾರುತ್ತದೆ. ಮಣಿಕಟ್ಟು ಅಲುಗುತ್ತಿದ್ದರೆ ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡೇ ಮಾಡಿ, ನಾನು ಎಲ್ಲರಿಗೂ ಹೇಳುವುದು ಇದನ್ನೇ.

ಮೊದಲ ಎರಡು ದಿನ ಹಿಡಿಯಲು ಹೋಗಲೇಬೇಡಿ. ಗಾದಿ ಮೇಲೆ ಕೂತು ಪೆನ್ ಬೀಳಲು ಬಿಡಿ, ಸುತ್ತು ಪೂರ್ತಿ ಆಯಿತಾ ಅಂತ ಮಾತ್ರ ನೋಡಿ. ಆಮೇಲೆ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿಯುವುದು ತಾನಾಗಿ ಬರುತ್ತದೆ.

ನಮ್ಮ ಕಡೆಯ ಬೇಸಿಗೆಯಲ್ಲಿ ಬೆರಳು ಬೆವರಿ ಪೆನ್ ಅಂಟುತ್ತದೆ. ಪೌಡರ್ ಹಚ್ಚಬೇಡಿ, ಜಾರಿಹೋಗುತ್ತದೆ. ಬಟ್ಟೆಯಲ್ಲಿ ಒರೆಸಿಕೊಂಡರೆ ಸಾಕು.

ಇದು ಕೈಗೆ ಕೂತ ಮೇಲೆ ಸೋನಿಕ್ ಎಂಬ ಮುಂದಿನ ಆಟ ಹಿಡಿಯಿರಿ: 23-12. ಎಲ್ಲಿಂದ ಎಲ್ಲಿಗೆ ಅಂತ ಈಗ ನಿಮಗೇ ಓದಲು ಬರುತ್ತದೆ.