ಪಾಪರ್ ಬೀಳದಿದ್ದರೆ ಮೊದಲು ನೆಲ ನೋಡಿ

ಶೂಟಿಂಗ್ ಪಂದ್ಯದಲ್ಲಿ ಗುಂಡು ತಗುಲಿದರೆ ಹಿಂದಕ್ಕೆ ಬೀಳಬೇಕಾದ ಉಕ್ಕಿನ ಗುರಿಯೇ ಪಾಪರ್. ಬೆಳಿಗ್ಗೆ ಸರಿಯಾಗಿ ಬೀಳುತ್ತಿದ್ದ ಪಾಪರ್, ಮೂರನೇ ಸ್ಕ್ವಾಡ್ (ಸ್ಪರ್ಧಿಗಳ ತಂಡ) ಹೊತ್ತಿಗೆ ಸರಿಯಾದ ಜಾಗಕ್ಕೆ ಗುಂಡು ತಗುಲಿದರೂ ನಿಂತೇ ಇರುತ್ತಿತ್ತು. ಪ್ರತಿ ಪಂದ್ಯದಲ್ಲೂ ಕ್ಯಾಲಿಬ್ರೇಷನ್ (ನಿಗದಿತ ಬಲದ ಗುಂಡಿಗೆ ಪಾಪರ್ ಬೀಳುತ್ತದೆಯೇ ಎಂಬ ಪರೀಕ್ಷೆ) ತಕರಾರು.

ಎಣ್ಣೆ ಹಾಕಿದೆ, ಏನೂ ಆಗಲಿಲ್ಲ. ವಾಲು ಹೊಂದಿಸುವ ಬೋಲ್ಟ್ ತಿರುಗಿಸಿ ಹಿಂದಕ್ಕೆ ವಾಲಿಸಿದೆ, ಗಾಳಿಗೇ ಬೀಳತೊಡಗಿತು. ಪಾಪರನ್ನೇ ಬದಲಿಸಿದ್ದು ಸುಮ್ನೆ ದಂಡ.

ತಪ್ಪು ನೆಲದ್ದು. ಎತ್ತಿ ನಿಲ್ಲಿಸುವವರು ತಳದ ಮುಂಭಾಗ ತುಳಿಯುತ್ತಿದ್ದರು. ಮೆತ್ತನೆ ಮಣ್ಣಲ್ಲಿ ಅದು ಇಳಿದು ಪಾಪರ್ ಮುಂದಕ್ಕೆ ವಾಲುತ್ತಿತ್ತು.

ಈಗ ಮಾಡುವ ಕ್ರಮ ಹೀಗೆ. ಮಣ್ಣು ದಮ್ಮಸು ಮಾಡಿ, ತಳಕ್ಕಿಂತ ಅಗಲದ ದಪ್ಪ ಹಲಗೆ ಹಾಕಿ, ರಸಮಟ್ಟ ಇಟ್ಟು ನೋಡುತ್ತೇನೆ. ನಾಲ್ಕು ಮೂಲೆಗೂ ಗೂಟ. ಆಮೇಲಷ್ಟೇ ಬೋಲ್ಟ್ ಮುಟ್ಟುವುದು, ಅದೂ ಒಂದು ಸಲಕ್ಕೆ ಕಾಲು ಸುತ್ತು. ಪರೀಕ್ಷೆಯ ಗುಂಡಿನ ತೂಕ 124 ಗ್ರೇನ್, ವೇಗ ಸೆಕೆಂಡಿಗೆ ಸುಮಾರು 1,000 ಅಡಿ. ಗುಣಿಸಿ ಸಾವಿರದಿಂದ ಭಾಗಿಸಿದರೆ ಪವರ್ ಫ್ಯಾಕ್ಟರ್, ಅಂದರೆ ಗುಂಡಿನ ಬಲದ ಅಳತೆ, 124. ಐಪಿಎಸ್‌ಸಿ (ಈ ಬಗೆಯ ಶೂಟಿಂಗಿನ ಅಂತರರಾಷ್ಟ್ರೀಯ ಸಂಸ್ಥೆ) ಪಿಸ್ತೂಲ್ ಮೈನರ್, ಅಂದರೆ ಕಡಿಮೆ ಬಲದ ವರ್ಗದ, ಕನಿಷ್ಠ ಮಿತಿ 125, ಅದಕ್ಕಿಂತ ಜಾಸ್ತಿ ಬಿರುಸಿನ ಗುಂಡಿನಿಂದ ಪರೀಕ್ಷಿಸಿದರೆ ಲೆಕ್ಕ ತಪ್ಪುತ್ತದೆ. ಶೂಟರ್ ನಿಲ್ಲುವ ಜಾಗದಿಂದಲೇ ಹೊಡೆಯಬೇಕು, 7 ಮೀಟರಿಗಿಂತ ಹತ್ತಿರದಿಂದ ಬೇಡವೇ ಬೇಡ.

ಬಿದ್ದರೆ ಲಾಕ್‌ನಟ್ ಬಿಗಿದು, ಬೋಲ್ಟಿಗೂ ತಳಕ್ಕೂ ಸೇರಿಸಿ ಬಣ್ಣದ ಗೆರೆ ಎಳೆಯುತ್ತೇನೆ. ಪ್ರತಿ ಸ್ಕ್ವಾಡ್ ಮುಗಿದ ಮೇಲೆ ಗೆರೆ, ರಸಮಟ್ಟ ಎರಡನ್ನೂ ನೋಡುವುದು. ಎತ್ತುವವರು ಈಗ ಪಕ್ಕದಲ್ಲಿ ನಿಂತು ಎತ್ತುತ್ತಾರೆ.