ಸಿಲ್ಕ್ ಬೋರ್ಡ್ ಜಾಮ್‌ನಲ್ಲೇ ಲೈಟ್ ಟ್ರೇಲ್: ನನ್ನ ಅನುಭವ

ಲೈಟ್ ಟ್ರೇಲ್ ಅಂದರೆ ಕ್ಯಾಮೆರಾ ಶಟರ್ ತುಂಬ ಹೊತ್ತು ತೆರೆದಿಟ್ಟಾಗ ಓಡುವ ಗಾಡಿಯ ದೀಪ ಫೋಟೊದಲ್ಲಿ ಎಳೆಯುವ ಗೆರೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅದು ಬರಲ್ಲ ಅಂತ ನನಗೆ ಹೇಳದವರೇ ಇಲ್ಲ. ಗಾಡಿ ಓಡಿದರೆ ತಾನೇ ಗೆರೆ ಬರೋದು, ಅಲ್ಲಿ ಎಲ್ಲ ನಿಂತೇ ಇರುತ್ತೆ, ಹೈವೇಗೆ ಹೋಗು ಅನ್ನೋರು. ಈಗ ಅದೇ ಜಂಕ್ಷನ್ನಿನಿಂದ ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಎಲ್ಲೂ ಕಡಿಯದ ಕೆಂಪು ಗೆರೆಗಳ ಫೋಟೊ ನನ್ನ ಹತ್ತಿರ ಇದೆ. ಒಂದೇ ಫ್ರೇಮ್, ಹಲವು ಫೋಟೊ ಒಂದರ ಮೇಲೊಂದು ಸೇರಿಸಿ ಸ್ಟ್ಯಾಕ್ ಮಾಡಿದ್ದಲ್ಲ.

ನೇರವಾಗಿ 30 ಸೆಕೆಂಡ್ ಶಟರ್ ತೆರೆದಿಟ್ಟರೆ ಕೆಲಸ ಕೆಡುತ್ತೆ. ಅದರಲ್ಲಿ 20 ಸೆಕೆಂಡ್ ಗಾಡಿಗಳು ನಿಂತಿರುತ್ತವೆ, ಬ್ರೇಕ್ ಲೈಟ್ ಎಲ್ಲ ಕೆಂಪು ಉಂಡೆ. ಲೆನ್ಸಿಗೆ ಎನ್‌ಡಿ ಫಿಲ್ಟರ್ (ಒಳಗೆ ಹೋಗುವ ಬೆಳಕು ಕಡಿಮೆ ಮಾಡುವ ಕಪ್ಪು ಗಾಜು) ಹಾಕು ಅಂದರು, ಸುಮಾರು 1,400 ರೂಪಾಯಿ ಕೊಟ್ಟು ತಂದೆ. ಫೋಟೊ ಪೂರ್ತಿ ನೇರಳೆ ಬಣ್ಣಕ್ಕೆ ತಿರುಗಿತು, ಉಂಡೆ ಹಾಗೇ ಉಳಿಯಿತು. ಫಿಲ್ಟರ್ ನಿಂತ ಗಾಡಿ, ಓಡುವ ಗಾಡಿ ಎರಡನ್ನೂ ಒಂದೇ ಸಮ ಕಪ್ಪು ಮಾಡುತ್ತೆ, ಅಲ್ವಾ? 10 ಸೆಕೆಂಡಿನ ಫ್ರೇಮ್‌ಗಳನ್ನು ಲೈಟನ್‌ನಲ್ಲಿ, ಅಂದರೆ ಪ್ರತಿ ಜಾಗದಲ್ಲೂ ಹೆಚ್ಚು ಬೆಳಕಿರುವುದನ್ನೇ ಉಳಿಸಿ, ಸ್ಟ್ಯಾಕ್ ಮಾಡೋದು ಸ್ವಲ್ಪ ವಾಸಿ. ಆದರೆ ಅಲ್ಲಿ ಹತ್ತು ಸೆಕೆಂಡೂ ಬರೀ ಓಡುವ ಗಾಡಿ ಇರುವ ಫ್ರೇಮ್ ಸಿಗೋದೇ ಕಷ್ಟ.

ಕೊನೆಗೆ ಕೈ ಹಿಡಿದದ್ದು ಕಪ್ಪು ಕಾರ್ಡ್. ಬಲ್ಬ್ ಮೋಡ್ (ನಾವು ಬೇಕೆಂದಷ್ಟು ಹೊತ್ತು ಶಟರ್ ತೆರೆದಿಡೋದು), ಐಎಸ್‌ಒ 100 (ಸೆನ್ಸರ್ ಬೆಳಕಿಗೆ ಕಡಿಮೆ ಸ್ಪಂದಿಸುವ ಸೆಟ್ಟಿಂಗ್), ಎಫ್ 11 (ಲೆನ್ಸಿನ ಕಿಂಡಿ ಚಿಕ್ಕದು). ಶಟರ್ ಮೂರು ನಿಮಿಷದ ತನಕ ತೆರೆದೇ ಇರುತ್ತೆ, ನಾನು ಲೆನ್ಸ್ ಮುಂದೆ ಕಾರ್ಡ್ ಹಿಡಿದಿರುತ್ತೇನೆ. ಹಸಿರು ಬಿದ್ದು ಗಾಡಿಗಳು ವೇಗ ಹಿಡಿದ ಮೇಲೆ ತೆಗೆಯಬೇಕು, ಹಿಂದಿನ ಸಾಲಿನಲ್ಲಿ ಬ್ರೇಕ್ ಲೈಟ್ ಹತ್ತುವ ಮುಂಚೆ ಮುಚ್ಚಬೇಕು. ಎರಡು ಮೂರು ಹಸಿರು ಸೇರಿ 25 ಸೆಕೆಂಡ್ ಬೆಳಕು ಒಳಗೆ ಹೋದರೆ ಸಾಕು.

ಕಾರ್ಡ್ ಅಂದರೆ ಸುಮ್ನೆ ಕಪ್ಪು ಚಾರ್ಟ್ ಪೇಪರ್ ಅಲ್ಲ. ಆ ಪೇಪರಿಗೆ ಒಂದು ಹೊಳಪಿದೆ, ಪಕ್ಕದ ಬೀದಿದೀಪದ ಬೆಳಕು ಅದಕ್ಕೆ ಬಡಿದು ಲೆನ್ಸ್ ಒಳಗೆ ಹೋಗಿ ನೆರಳೆಲ್ಲ ಬೂದಿ ಬಣ್ಣ ಆಗುತ್ತೆ. ಒಳಮುಖಕ್ಕೆ ಕಪ್ಪು ವೆಲ್ವೆಟ್ ಅಂಟಿಸಿದೆ, ಬಟ್ಟೆ ಅಂಗಡಿಯಲ್ಲಿ ಕಾಲು ಮೀಟರ್, 60 ರೂಪಾಯಿ ಇರಬೇಕು. ವ್ಯೂಫೈಂಡರನ್ನೂ ಟೇಪ್ ಹಚ್ಚಿ ಮುಚ್ಚಿ, ಬೆನ್ನ ಹಿಂದೆ ಟ್ಯೂಬ್‌ಲೈಟ್ ಇದ್ದರೆ ಅಲ್ಲಿಂದಲೂ ಬೆಳಕು ನುಗ್ಗುತ್ತೆ. ಎದುರು ಬರುವ ಹೆಡ್‌ಲೈಟ್ ಫೋಟೊದಲ್ಲಿ ಬರೀ ಬಿಳಿಯಾಗಿ ಉರಿದುಹೋಗದಂತೆ ಎರಡೂ ಕಡೆ ಹೇಗೆ ಸರಿದೂಗಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಕಾರ್ಡ್ ಹಿಡಿಯುವ ಕೋನದಲ್ಲಿದೆ, ಅಷ್ಟು ಹೇಳಬಲ್ಲೆ.

ಜಾಗಕ್ಕಾಗಿ ತುಂಬ ಅಲೆದೆ. ಔಟರ್ ರಿಂಗ್ ರೋಡಿನ ಸ್ಕೈವಾಕ್ ಮೇಲೆ ಹತ್ತಿ ನೋಡಿದ್ದೇನೆ. ಯಾರಾದರೂ ನಡೆದು ಬಂದರೆ ಸಾಕು, ಸೇತುವೆಯೇ ನಡುಗುತ್ತೆ, ಗೆರೆ ಎಲ್ಲ ಅಂಕುಡೊಂಕು. 1,800 ರೂಪಾಯಿ ಟ್ರೈಪಾಡ್ ಬಿಟ್ಟು 6,000 ಕೊಟ್ಟು ಸೆಕೆಂಡ್ ಹ್ಯಾಂಡ್ ಭಾರದ್ದು ತಂದರೂ ಅಷ್ಟೇ. ಈಗ ಒಂದು ಕಟ್ಟಡದ ಟೆರೇಸ್ ಸಿಕ್ಕಿದೆ. ಯಾವುದು ಅಂತ ಕೇಳಬೇಡಿ.

ಒಂದು ಮಜಾ ವಿಷಯ. ಫೋಟೊವನ್ನು ನೂರು ಪರ್ಸೆಂಟ್ ಜೂಮ್ ಮಾಡಿ ನೋಡಿದರೆ ಯಾವ ಗಾಡಿ ಅಂತ ಗೆರೆಯಲ್ಲೇ ಗೊತ್ತಾಗುತ್ತೆ. ಹಳೇ ಬಲ್ಬಿನ ಟೇಲ್ ಲ್ಯಾಂಪ್ ನೇರ ಗೆರೆ ಎಳೆಯುತ್ತೆ. ಕೆಲವು ಎಲ್‌ಇಡಿ ಲ್ಯಾಂಪ್ ಕಣ್ಣಿಗೆ ಕಾಣದಷ್ಟು ಬೇಗ ಮಿನುಗುವುದರಿಂದ ಸಣ್ಣ ಸಣ್ಣ ಕೆಂಪು ಚುಕ್ಕಿಗಳ ಸಾಲು ಬರುತ್ತೆ. ಇಂಡಿಕೇಟರ್ ಹಾಕಿ ಲೇನ್ ಬದಲಿಸಿದವನು ಕಿತ್ತಳೆ ತುಂಡುಗಳನ್ನು ಓರೆಯಾಗಿ ಬಿಟ್ಟು ಹೋಗಿರುತ್ತಾನೆ. ಬಿಎಂಟಿಸಿ ಬಸ್ಸಿನ ಒಳಗಿನ ದೀಪ ಎಲ್ಲದಕ್ಕಿಂತ ಮೇಲೆ ಅಗಲ ಪಟ್ಟಿಯಾಗಿ ಬೀಳುತ್ತೆ, ನನಗೆ ಅದೇ ಇಷ್ಟ, ಬಸ್ ಬರಲಿ ಅಂತ ಕಾದು ಕಾರ್ಡ್ ತೆಗೆಯುತ್ತೇನೆ.

ಮೇಲೆ ಮೆಟ್ರೊ, ಕೆಳಗೆ ಟ್ರಾಫಿಕ್ ಎರಡನ್ನೂ ಒಂದೇ ಫ್ರೇಮಿನಲ್ಲಿ ಹಿಡಿಯಲು ಹೋಗಿದ್ದೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದಾಗ 25 ನಿಮಿಷಕ್ಕೊಂದು ರೈಲು. ರೈಲು ಬಂದಾಗ ಕೆಳಗೆ ಕೆಂಪು ಸಿಗ್ನಲ್, ಹಸಿರು ಬಿದ್ದಾಗ ರೈಲು ಇಲ್ಲ, ಅಷ್ಟರಲ್ಲಿ ಸಂಜೆ ಆಕಾಶದ ನೀಲಿಯೂ ಮುಗಿದಿರುತ್ತಿತ್ತು. ಕಾರ್ಡ್ ಇದ್ದರೆ ಅದೂ ಸಾಧ್ಯ, ರೈಲಿಗೊಮ್ಮೆ ತೆಗೆದು ಮುಚ್ಚಿ, ಹಸಿರಿಗೆ ಮತ್ತೆ ತೆಗೆದರೆ ಆಯ್ತು. ಒಂದು ಚೆನ್ನಾಗಿಯೇ ಬಂದಿದೆ.

ಲೆಕ್ಕ ಹೇಳೋದಾದರೆ ಹಳೇ ಕ್ಯಾಮೆರಾ ಬಾಡಿ, ಅದರ ಜೊತೆಗೇ ಬರುವ ಕಿಟ್ ಲೆನ್ಸ್ ಸೇರಿ 22 ಸಾವಿರದ ಹತ್ತಿರ, ಶಟರ್ ಒತ್ತುವ ರಿಮೋಟ್ 350. ಎರಡು ದೊಡ್ಡ ಪ್ರಿಂಟ್‌ನಿಂದ 9 ಸಾವಿರ ವಾಪಸ್ ಬಂತು. ಹೈವೇಗೆ ಹೋಗು ಅಂದವರಲ್ಲೇ ಒಬ್ಬರು ಒಂದನ್ನು ತಗೊಂಡರು.

ಮುಂದೆ ಹೆಬ್ಬಾಳ. ಫ್ಲೈಓವರ್ ಮೇಲೆ ಸಿಗ್ನಲ್ ಇಲ್ಲ, ಸಾಲು ಯಾವಾಗ ನಿಲ್ಲುತ್ತೆ ಅಂತ ಮುಂಚೆ ಗೊತ್ತಾಗಲ್ಲ. ಅಲ್ಲಿ ದೂರದ ಬ್ರೇಕ್ ಲೈಟ್ ನೋಡಿಕೊಂಡೇ ಕಾರ್ಡ್ ಆಡಿಸಬೇಕು.